ಬಿಲ್ಲಿನ ಕೊನೆಯ ಖಾಲಿ ಗೆರೆ: ಅಮೆರಿಕದ ಟಿಪ್ಸ್ ಯಾರು ಕೊಡಬೇಕಾದ ಸಂಬಳ?

ಟಿಪ್ಸ್‌ಗೆ ಇನ್ನು ತೆರಿಗೆ ಇಲ್ಲ ಎಂಬ ಸುದ್ದಿ ಅಮೆರಿಕದಿಂದ ಬಂದಾಗ ಇಲ್ಲಿ ಓದಿದವರಿಗೆ ಮೊದಲು ಏಳುವ ಪ್ರಶ್ನೆ ಬೇರೆಯದೇ: ಇಷ್ಟು ದಿನ ಇತ್ತೇ? ಊಟ ಮುಗಿಸಿ ಸೋಂಪಿನ ತಟ್ಟೆಯಲ್ಲಿ ಬಿಟ್ಟು ಬಂದ ಇಪ್ಪತ್ತು ರೂಪಾಯಿಗೆ ಸರ್ಕಾರ ಲೆಕ್ಕ ಕೇಳುವುದನ್ನು ಊಹಿಸಿಕೊಳ್ಳುವುದೇ ನಮಗೆ ಕಷ್ಟ. ಅಲ್ಲಿ ಮಾತ್ರ ಅದು 2024ರ ಅಧ್ಯಕ್ಷೀಯ ಚುನಾವಣೆಯ ದೊಡ್ಡ ಭರವಸೆಗಳಲ್ಲಿ ಒಂದಾಗಿತ್ತು. ಆ ವರ್ಷದ ಜೂನ್‌ನಲ್ಲಿ ಡೊನಾಲ್ಡ್ ಟ್ರಂಪ್ ಲಾಸ್ ವೇಗಸ್‌ನಲ್ಲಿ ಅದನ್ನು ಘೋಷಿಸಿದರು. ಆಗಸ್ಟ್‌ನಲ್ಲಿ ಅದೇ ಊರಿಗೆ ಬಂದ ಕಮಲಾ ಹ್ಯಾರಿಸ್ ತಾವೂ ಅದನ್ನೇ ಮಾಡುವುದಾಗಿ ಹೇಳಿದರು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ದೊಡ್ಡ ತೆರಿಗೆ ಕಾನೂನಿನಲ್ಲಿ ಅದು ಸೇರಿಕೊಂಡಿತು.

ಇದೇ ಹೊತ್ತಿಗೆ ಕೌಂಟರಿನಲ್ಲಿ ಒಂದು ಲೋಟ ಕಾಫಿ ಕೊಂಡರೂ ಪರದೆಯೊಂದು ತಿರುಗಿ ಬಂದು 18, 20, 25 ಶೇಕಡಾ ಎಂದು ಕೇಳುತ್ತದೆಂದು ಅಲ್ಲಿನ ಜನ ಗೊಣಗುತ್ತಿದ್ದಾರೆ. ಟಿಪ್ಸ್ ನಂಬಿದವರಿಗೂ ಪೂರ್ತಿ ಸಂಬಳ ಕೊಡಿ ಎಂದು ರಾಜಧಾನಿ ವಾಷಿಂಗ್ಟನ್ನಿನ ಮತದಾರರು ಕೊಟ್ಟ ತೀರ್ಪನ್ನು ಅದೇ ನಗರದ ಕೌನ್ಸಿಲ್ ಅರ್ಧಕ್ಕೆ ನಿಲ್ಲಿಸಿದೆ. ಬಿಡಿಬಿಡಿಯಾಗಿ ಓದಿದರೆ ಈ ಸುದ್ದಿಗಳಲ್ಲಿ ತಲೆಬುಡ ಸಿಗುವುದಿಲ್ಲ. ಅಮೆರಿಕದ ಟಿಪ್ಸ್ ಅನ್ನು ನಾವು ಬಕ್ಷೀಸು ಎಂದುಕೊಳ್ಳುವುದರಿಂದ ಈ ಗೊಂದಲ. ಅಲ್ಲಿ ಅದು ಸಂಬಳದ ತುಂಡು. ಮಾಲೀಕ ಕೊಡಬೇಕಾದ ಆ ತುಂಡನ್ನು ಗಿರಾಕಿ ಕೊಡುತ್ತಾನೆ, ಅದೂ ಅವನಿಗೆ ಮನಸ್ಸಿದ್ದರೆ.

ಎರಡು ಡಾಲರ್ ಹದಿಮೂರು ಸೆಂಟ್

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. 2009ರ ಜುಲೈನಿಂದ ಅದು ಕದಲಿಲ್ಲ. ಆದರೆ ತಿಂಗಳಿಗೆ 30 ಡಾಲರಿಗಿಂತ ಹೆಚ್ಚು ಟಿಪ್ಸ್ ಸಿಗುವ ಕೆಲಸದಲ್ಲಿರುವವರಿಗೆ ಮಾಲೀಕ ತನ್ನ ಗಲ್ಲಾದಿಂದ ಕೊಡಲೇಬೇಕಾದದ್ದು ಗಂಟೆಗೆ 2.13 ಡಾಲರ್ ಮಾತ್ರ. ಉಳಿದ 5.12 ಡಾಲರ್ ಟಿಪ್ಸ್‌ನಿಂದ ಬಂದಿದ್ದರೆ ಮಾಲೀಕ ಕನಿಷ್ಠ ವೇತನ ಕೊಟ್ಟಂತೆಯೇ ಲೆಕ್ಕ. ಇದನ್ನು ಅಲ್ಲಿ ಟಿಪ್ ಕ್ರೆಡಿಟ್ ಎನ್ನುತ್ತಾರೆ. ಅಷ್ಟು ಟಿಪ್ಸ್ ಬರದಿದ್ದರೆ ಕೊರತೆಯನ್ನು ಮಾಲೀಕನೇ ತುಂಬಿಕೊಡಬೇಕೆಂಬ ನಿಯಮವೂ ಇದೆ. ಆದರೆ ಲೆಕ್ಕದ ಚೀಟಿ ಹಿಡಿದು ಮಾಲೀಕನ ಎದುರು ನಿಲ್ಲಬೇಕಾದವನು ಮುಂದಿನ ವಾರದ ಒಳ್ಳೆಯ ಪಾಳಿಗಾಗಿ ಅದೇ ಮಾಲೀಕನ ಮುಖ ನೋಡಬೇಕಾದವನು. ಇಂಥ ನಿಯಮ ಎಷ್ಟು ದೂರ ನಡೆಯುತ್ತದೆಂಬುದನ್ನು ಯಾವ ದೇಶದವರೂ ಊಹಿಸಬಲ್ಲರು.

ಆ 2.13ರ ದರ ನಿಗದಿಯಾದದ್ದು 1991ರಲ್ಲಿ. ಅಲ್ಲಿಂದೀಚೆಗೆ ಅಮೆರಿಕದಲ್ಲಿ ಬೆಲೆಗಳು ಎರಡು ಪಟ್ಟಿಗೂ ಮೀರಿ ಏರಿವೆ, ದರ ಮಾತ್ರ ಇದ್ದಲ್ಲೇ ಇದೆ. ಇದು ಮರೆವಿನಿಂದ ಆದದ್ದಲ್ಲ. 1938ರ ಕನಿಷ್ಠ ವೇತನ ಕಾನೂನು ಹೋಟೆಲ್ ಕೆಲಸಗಾರರನ್ನು ಹೊರಗಿಟ್ಟಿತ್ತು. 1966ರ ತಿದ್ದುಪಡಿ ಅವರನ್ನು ಒಳಗೆ ಕರೆದುಕೊಂಡಿತು, ಆದರೆ ಕನಿಷ್ಠ ವೇತನದ ಅರ್ಧದವರೆಗೆ ಟಿಪ್ಸ್‌ನಿಂದ ತುಂಬಿಕೊಳ್ಳಬಹುದೆಂಬ ರಿಯಾಯಿತಿಯನ್ನು ಮಾಲೀಕರಿಗೆ ಕೊಟ್ಟಿತು. ಆಗ ಎರಡೂ ಒಂದಕ್ಕೊಂದು ಕಟ್ಟಿಕೊಂಡಿದ್ದವು. ಕನಿಷ್ಠ ವೇತನ ಏರಿದರೆ ಟಿಪ್ಸ್‌ನವರ ದರವೂ ಏರಬೇಕಿತ್ತು. 1996ರಲ್ಲಿ ಸಂಸತ್ತು ಕನಿಷ್ಠ ವೇತನ ಏರಿಸಿದಾಗ, ಹರ್ಮನ್ ಕೇನ್ ಮುಂದಾಳುತನದ ರಾಷ್ಟ್ರೀಯ ರೆಸ್ಟೋರೆಂಟ್ ಸಂಘ ಒತ್ತಡ ಹಾಕಿ ಈ ಗಂಟನ್ನು ಬಿಚ್ಚಿಸಿತು. ಒಂದು ಏರಿತು, ಇನ್ನೊಂದು ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಹಾಗೆಯೇ ಉಳಿಯಿತು.

ರಾಜ್ಯಗಳು ಇದಕ್ಕಿಂತ ಹೆಚ್ಚಿನ ದರ ಇಟ್ಟುಕೊಳ್ಳಬಹುದು, ಅನೇಕವು ಇಟ್ಟುಕೊಂಡಿವೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ (ರಾಜಧಾನಿಯಲ್ಲ, ಅದೇ ಹೆಸರಿನ ರಾಜ್ಯ), ಒರೆಗಾನ್, ನೆವಾಡಾ, ಮೊಂಟಾನಾ, ಮಿನ್ನೆಸೋಟ, ಅಲಾಸ್ಕ ಈ ಏಳು ರಾಜ್ಯಗಳಲ್ಲಿ ಟಿಪ್ ಕ್ರೆಡಿಟ್ ಎಂಬುದೇ ಇಲ್ಲ. ಅಲ್ಲಿ ಪೂರ್ತಿ ಕನಿಷ್ಠ ವೇತನ ಮಾಲೀಕನದೇ, ಟಿಪ್ಸ್ ಅದರ ಮೇಲೆ. ಟೆಕ್ಸಾಸ್, ಜಾರ್ಜಿಯಾ, ಉತ್ತರ ಕ್ಯಾರೊಲಿನಾ, ಟೆನೆಸಿಗಳಲ್ಲಿ 2.13ರ ದರವೇ ನಡೆಯುತ್ತಿದೆ.

ಈ ವ್ಯವಸ್ಥೆಯಿಂದ ನಿಜವಾಗಿ ಕೈ ಬದಲಾಗುವುದು ಹಣಕ್ಕಿಂತ ಹೆಚ್ಚಾಗಿ ಅಪಾಯ. ಮಳೆ ಬಂದು ಮಂಗಳವಾರ ಮಧ್ಯಾಹ್ನ ಹೋಟೆಲ್ ಖಾಲಿ ಹೊಡೆದರೆ ಬೇರೆ ಯಾವ ವ್ಯಾಪಾರದಲ್ಲಾದರೂ ಆ ದಿನದ ಕೂಲಿ ಮಾಲೀಕನ ನಷ್ಟ. ಇಲ್ಲಿ ಆ ನಷ್ಟದ ಬಹುಪಾಲನ್ನು ಬಡಿಸುವವರು ಹೊರುತ್ತಾರೆ. ಜೊತೆಗೆ ಮೆನುವಿನಲ್ಲಿ ಅಚ್ಚಾದ ಬೆಲೆಯೂ ಅರೆಬೆಲೆಯೇ. ಹದಿನೈದು ಡಾಲರಿನ ಊಟ ನಿಜವಾಗಿ ಹದಿನೆಂಟು ಡಾಲರಿನದು. ಉಳಿದ ಮೂರನ್ನು ಬಿಲ್ಲಿನ ಕೊನೆಯ ಖಾಲಿ ಗೆರೆಯ ಮೇಲೆ ಗಿರಾಕಿಯೇ ತನ್ನ ಕೈಯಿಂದ ಬರೆಯಬೇಕು.

ಪುಲ್‌ಮನ್ ಬೋಗಿಗಳು

ಟಿಪ್ಸ್ ಅಮೆರಿಕದ ಹುಟ್ಟುಗುಣವೇನೂ ಅಲ್ಲ. ಅಂತರ್ಯುದ್ಧದ ನಂತರ ಯುರೋಪ್ ಸುತ್ತಿ ಬಂದ ಸಿರಿವಂತರು ಅದನ್ನು ತಂದರು. ರಾಜರಿಲ್ಲದ ದೇಶದಲ್ಲಿ ಕೈಚಾಚುವ ಆಳು, ಕಾಸು ಎಸೆಯುವ ಧಣಿ ಎಂಬ ಸಂಬಂಧ ಬೇಡವೆಂದು ಆಗ ಬಹಳ ಜನ ಸಿಡಿದೆದ್ದರು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸ್ ಅನ್ನು ಕಾನೂನಿನಿಂದಲೇ ನಿಷೇಧಿಸಿತು, ಇನ್ನೂ ಐದು ರಾಜ್ಯಗಳು ಅದರ ಹಿಂದೆ ಬಂದವು. ಯಾವುದೂ ಬಾಳಲಿಲ್ಲ. 1926ರ ಹೊತ್ತಿಗೆ ಆರೂ ಕಾನೂನುಗಳು ರದ್ದಾಗಿದ್ದವು.

ಬಾಳದಿರಲು ಒಂದು ಮುಖ್ಯ ಕಾರಣವೆಂದರೆ ಅಷ್ಟರಲ್ಲಿ ಕೆಲವು ಉದ್ಯಮಗಳು ಟಿಪ್ಸ್ ಮೇಲೆಯೇ ನಿಂತಿದ್ದವು. ಜಾರ್ಜ್ ಪುಲ್‌ಮನ್ನರ ಕಂಪನಿ ಮಲಗುವ ಸೌಕರ್ಯದ ಐಷಾರಾಮಿ ರೈಲು ಬೋಗಿಗಳನ್ನು ನಡೆಸುತ್ತಿತ್ತು. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದ ಕಪ್ಪು ಜನರನ್ನು ಅದು ಆ ಬೋಗಿಗಳ ಪರಿಚಾರಕರಾಗಿ ಸೇರಿಸಿಕೊಂಡಿತು. ಸಂಬಳ ಅತ್ಯಲ್ಪ, ಬದುಕು ಟಿಪ್ಸ್ ಮೇಲೆ. ಪ್ರಯಾಣಿಕರು ಅವರೆಲ್ಲರನ್ನೂ ಮಾಲೀಕನ ಹೆಸರಿನಿಂದ ಜಾರ್ಜ್ ಎಂದೇ ಕೂಗುತ್ತಿದ್ದರು. ಗುಲಾಮರನ್ನು ಒಡೆಯನ ಹೆಸರಿನಿಂದ ಕರೆಯುತ್ತಿದ್ದ ರೂಢಿಯ ಬಾಲ ಅದು. 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ನೇತೃತ್ವದಲ್ಲಿ ಅವರು ಸಂಘ ಕಟ್ಟಿದರು. ಕಂಪನಿಯಿಂದ ಸರಿಯಾದ ವೇತನ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಲು 1937ರವರೆಗೆ ಕಾದರು. ಟಿಪ್ಸ್‌ಗೆ ಬದಲು ಸಂಬಳ ಕೊಡಿ ಎಂಬ ಬೇಡಿಕೆಗೆ ಅಮೆರಿಕದಲ್ಲಿ ಇಂದಿಗೂ ವರ್ಣಭೇದದ ನೆನಪು ಅಂಟಿಕೊಂಡಿರುವುದು ಇದರಿಂದ.

ತಿರುಗಿ ನೋಡುವ ಪರದೆ

ಬಡಿಸಿಕೊಂಡು ಉಣ್ಣುವ ಹೋಟೆಲಿನಲ್ಲಿ ಟಿಪ್ಸ್ ಕೊಡುವುದನ್ನು ಅಮೆರಿಕನ್ನರು ಪ್ರಶ್ನಿಸುವುದಿಲ್ಲ. ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯಲ್ಲಿ ಶೇ 92ರಷ್ಟು ಜನ ಅಲ್ಲಿ ಯಾವಾಗಲೂ ಅಥವಾ ಹೆಚ್ಚಾಗಿ ಕೊಡುತ್ತೇವೆಂದರು. ಆದರೆ ಐದು ವರ್ಷದ ಹಿಂದೆ ಕೇಳದಿದ್ದ ಕಡೆಯೆಲ್ಲ ಈಗ ಟಿಪ್ಸ್ ಕೇಳುತ್ತಿದ್ದಾರೆಂದು ಶೇ 72ರಷ್ಟು ಜನ ಹೇಳಿದರು. ಕೊಡಬೇಕೋ ಬೇಡವೋ ಎಂದು ತಿಳಿಯುವುದು ಬಹಳ ಸುಲಭ ಎಂದವರು ಶೇ 34 ಮಾತ್ರ. ಅಂದರೆ ಹುಟ್ಟಿದಂದಿನಿಂದ ಅಲ್ಲೇ ಇರುವವರಿಗೂ ತಮ್ಮ ದೇಶದ ಮರ್ಯಾದೆಯ ನಿಯಮ ಗೊತ್ತಾಗುತ್ತಿಲ್ಲ.

ಹೀಗೇಕಾಯಿತು? ಮೊದಲು ಟಿಪ್ಸ್ ಕೇಳಲು ಒಂದು ಡಬ್ಬಿ ಬೇಕಿತ್ತು. ಕಾರ್ಡ್ ಉಜ್ಜುವ ಟ್ಯಾಬ್ಲೆಟ್ ಬಂದ ಮೇಲೆ ಕೇಳುವುದಕ್ಕೆ ಖರ್ಚೇ ಇಲ್ಲವಾಯಿತು. ತಂತ್ರಾಂಶದಲ್ಲಿ ಒಂದು ಗುಂಡಿ ಚಾಲೂ ಮಾಡಿದರೆ ಸಾಕು, ಬೇಕರಿಯೂ ಕೇಳುತ್ತದೆ, ಐಸ್‌ಕ್ರೀಮ್ ಅಂಗಡಿಯೂ ಕೇಳುತ್ತದೆ. ಕೋವಿಡ್ ಕಾಲದಲ್ಲಿ ನೋಟು ಮುಟ್ಟಲು ಹೆದರಿದ ಜನ ಈ ಪರದೆಗಳಿಗೆ ಒಗ್ಗಿಕೊಂಡರು. ಪ್ರಾಣ ಪಣಕ್ಕಿಟ್ಟು ದುಡಿಯುವವರೆಂಬ ಕೃತಜ್ಞತೆಯಿಂದ ಧಾರಾಳವಾಗಿಯೂ ಕೊಟ್ಟರು. ಸೋಂಕು ಇಳಿಯಿತು, ಪರದೆ ಉಳಿಯಿತು.

ಪರದೆಯ ಬಲ ಇರುವುದು ಅದು ಮುಂದಿಡುವ ಅಂಕಿಗಳಲ್ಲಿ. ಮೂರು ಚೌಕಗಳಲ್ಲಿ 18, 20, 25 ಇದ್ದರೆ ಮಧ್ಯದ್ದನ್ನು ಒತ್ತುವುದು ಮನುಷ್ಯಸಹಜ. ಬೇಡ ಎನ್ನುವ ಗುಂಡಿ ಸಣ್ಣ ಅಕ್ಷರದಲ್ಲಿ ಮೂಲೆಯಲ್ಲಿರುತ್ತದೆ. ಎದುರಿಗೆ ಕಾಫಿ ಕೊಟ್ಟ ಹುಡುಗಿ, ಹಿಂದೆ ಸಾಲಿನಲ್ಲಿ ನಿಂತವರು. ಟಿಪ್ಸ್ ಶೇಕಡಾ ಲೆಕ್ಕದಲ್ಲಿ ಇರುವುದರಿಂದ ಊಟದ ಬೆಲೆ ಏರಿದಾಗ ಅದೂ ತಾನಾಗಿ ಏರುತ್ತದೆ, ಶೇಕಡಾವಾರು ಏರಲು ಕಾರಣವೇ ಇಲ್ಲ. ಆದರೂ ಹಿಂದೆ 15 ಇದ್ದದ್ದು ಈಗ 20ರ ಸುತ್ತ ಕೇಳುತ್ತದೆ. ಅದೇ ಸಮೀಕ್ಷೆಯಲ್ಲಿ ಸಾಧಾರಣ ಸೇವೆಗೆ 15 ಅಥವಾ ಅದಕ್ಕಿಂತ ಕಡಿಮೆ ಕೊಡುತ್ತೇವೆಂದವರು ಶೇ 57. ಪರದೆ ಕೇಳುವುದಕ್ಕೂ ಜನ ಕೊಡಬಯಸುವುದಕ್ಕೂ ನಡುವಿನ ಈ ಅಂತರವೇ ಟಿಪ್ಸ್ ಬಗೆಗಿನ ಬೇಸರದ ಮೂಲ.

ಇದೆಲ್ಲ ಒಳ್ಳೆಯ ಸೇವೆಗೆ ಪ್ರೋತ್ಸಾಹ ಎನ್ನುವುದು ಹಳೆಯ ಸಮರ್ಥನೆ. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದವರು. ಸೇವೆ ಚೆನ್ನಾಗಿತ್ತೋ ಇಲ್ಲವೋ ಎಂಬುದಕ್ಕೂ ಟಿಪ್ಸ್ ಮೊತ್ತಕ್ಕೂ ಇರುವ ನಂಟು ಬಹಳ ಸಡಿಲ ಎಂಬುದು ಅವರು ಕಂಡುಕೊಂಡದ್ದು. ಜನ ಹೆಚ್ಚಾಗಿ ಕೊಡುವುದು ರೂಢಿಗೆ ಅಂಜಿ, ಬಿಲ್ಲಿನ ಗಾತ್ರ ನೋಡಿ.

ತೆರಿಗೆ ವಿನಾಯಿತಿ: ಯಾರಿಗೆ, ಎಷ್ಟು

ಟಿಪ್ಸ್ ಸಂಬಳವೇ ಆಗಿದ್ದರಿಂದ ಅದಕ್ಕೆ ಮೊದಲಿನಿಂದಲೂ ಆದಾಯ ತೆರಿಗೆ ಇತ್ತು. ಹೊಸ ಕಾನೂನು ಮಾಡಿರುವುದು ಇಷ್ಟು: 2025ರಿಂದ 2028ರವರೆಗಿನ ನಾಲ್ಕು ವರ್ಷ, ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸ್ ಅನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಬಹುದು. ಒಂಟಿಯಾಗಿ ಲೆಕ್ಕ ಸಲ್ಲಿಸುವವರ ಆದಾಯ 1,50,000 ಡಾಲರ್ ದಾಟಿದರೆ ಈ ರಿಯಾಯಿತಿ ಕರಗುತ್ತ ಹೋಗುತ್ತದೆ. ಯಾವ ಉದ್ಯೋಗಗಳಿಗೆ ಅನ್ವಯ ಎಂದು ಖಜಾನೆ ಇಲಾಖೆ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಕರಡಿನಲ್ಲಿ 68 ಕಸುಬುಗಳಿದ್ದವು. ಹೋಟೆಲಿನವರು, ಕ್ಷೌರಿಕರು ಸರಿಯೇ, ಹಚ್ಚೆ ಹಾಕುವವರು, ಮನೆಯ ನಲ್ಲಿ ರಿಪೇರಿಯವರು, ಅಂತರ್ಜಾಲದಲ್ಲಿ ವಿಡಿಯೊ ಮಾಡುವವರೂ ಅದರಲ್ಲಿದ್ದರು.

‘ತೆರಿಗೆಯೇ ಇಲ್ಲ’ ಎಂಬ ಘೋಷಣೆ ಮಾತ್ರ ಅತಿಶಯ. ಸಾಮಾಜಿಕ ಭದ್ರತೆ (ಪಿಂಚಣಿ) ಮತ್ತು ಮೆಡಿಕೇರ್‌ಗೆ (ವೃದ್ಧರ ಆರೋಗ್ಯ ವಿಮೆ) ಕಡಿತವಾಗುವ ಶೇ 7.65 ಟಿಪ್ಸ್ ಮೇಲೂ ಮುಂದುವರಿಯುತ್ತದೆ. ರಾಜ್ಯದ ಆದಾಯ ತೆರಿಗೆ ಆಯಾ ರಾಜ್ಯದ ಇಚ್ಛೆ. ಲೆಕ್ಕಕ್ಕೆ ತೋರಿಸದ ನಗದಿಗೆ ವಿನಾಯಿತಿ ಇಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಒಂದೇ ಹೋಟೆಲಿನಲ್ಲಿ ಇಬ್ಬರು ಅವಿವಾಹಿತರು ದುಡಿಯುತ್ತಾರೆ, ಇಬ್ಬರಿಗೂ ವರ್ಷಕ್ಕೆ 40,000 ಡಾಲರ್ ಎಂದಿಟ್ಟುಕೊಳ್ಳಿ. ಒಬ್ಬಳು ಬಡಿಸುವವಳು, ಅವಳ ಗಳಿಕೆಯಲ್ಲಿ 20,000 ಟಿಪ್ಸ್. ಇನ್ನೊಬ್ಬ ಒಳಗೆ ಒಲೆಯ ಮುಂದೆ ಬೇಯುವವನು, ಅವನದು ಪೂರ್ತಿ ಸಂಬಳ. 2025ರ ದರದಲ್ಲಿ 15,750 ಡಾಲರಿನ ಸಾಮಾನ್ಯ ಕಡಿತ ಕಳೆದರೆ ಅಡುಗೆಯವನು ಕಟ್ಟಬೇಕಾದ ಆದಾಯ ತೆರಿಗೆ ಸುಮಾರು 2,670 ಡಾಲರ್. ಬಡಿಸುವವಳದು 425. ಒಂದೇ ಸೂರು, ಒಂದೇ ಗಳಿಕೆ, ತೆರಿಗೆಯಲ್ಲಿ ಆರು ಪಟ್ಟು ಅಂತರ. ಇನ್ನು ಅರೆಕಾಲಿಕವಾಗಿ ದುಡಿದು ವರ್ಷಕ್ಕೆ 15,000 ಡಾಲರ್ ಗಳಿಸುವವರಿಗೆ ಮೊದಲೇ ಆದಾಯ ತೆರಿಗೆ ಇರಲಿಲ್ಲ, ಆದ್ದರಿಂದ ಹೊಸದಾಗಿ ಸಿಗುವುದೂ ಇಲ್ಲ. ಟಿಪ್ಸ್ ಕೆಲಸಗಾರರಲ್ಲಿ ಸುಮಾರು ಶೇ 37ರಷ್ಟು ಜನ ಇಂಥವರೆಂದು ಯೇಲ್ ವಿಶ್ವವಿದ್ಯಾಲಯದ ಬಜೆಟ್ ಲ್ಯಾಬ್ ಲೆಕ್ಕ ಹಾಕಿದೆ. ಬಡವರ ಹೆಸರಿನಲ್ಲಿ ಬಂದ ರಿಯಾಯಿತಿ ಬಡವರಲ್ಲಿ ಮೇಲಿನ ಮೆಟ್ಟಿಲಿನವರಿಗೆ ತಲುಪುತ್ತದೆ. ಕಡಿಮೆ ಸಂಬಳದ ಉಳಿದ ಕೆಲಸಗಾರರು, ಅಂದರೆ ಗೋದಾಮಿನವರು, ಗಲ್ಲಾದವರು, ವೃದ್ಧರನ್ನು ನೋಡಿಕೊಳ್ಳುವವರು, ಹೊರಗೆ ನಿಂತು ನೋಡುತ್ತಾರೆ.

ಇನ್ನೊಂದು ಪರಿಣಾಮ ಮೆಲ್ಲಗೆ ಆಗುವಂಥದ್ದು. ವಿನಾಯಿತಿ ಇರುವುದು ಗಿರಾಕಿ ಸ್ವಇಚ್ಛೆಯಿಂದ ಕೊಟ್ಟದ್ದಕ್ಕೆ ಮಾತ್ರ. ಆರು ಮಂದಿಗಿಂತ ಹೆಚ್ಚು ಬಂದರೆ ಬಿಲ್ಲಿಗೆ ತಾನಾಗಿ ಸೇರುವ ಕಡ್ಡಾಯ ಸೇವಾ ಶುಲ್ಕ ಕಾನೂನಿನ ಕಣ್ಣಿನಲ್ಲಿ ಮಾಲೀಕನ ವರಮಾನ, ಅದಕ್ಕೆ ವಿನಾಯಿತಿ ಇಲ್ಲ. ಹಾಗಾಗಿ ಟಿಪ್ಸ್ ಬಿಟ್ಟು ನಿಗದಿತ ಶುಲ್ಕಕ್ಕೋ ಹೆಚ್ಚಿದ ಸಂಬಳಕ್ಕೋ ಹೊರಳಿದ್ದ ಹೋಟೆಲುಗಳಿಗೆ ಈಗ ಹಿಂದಿರುಗುವ ಆಸೆ. ಅದೇ ನೂರು ಡಾಲರನ್ನು ಸಂಬಳವೆಂದು ಕೊಟ್ಟರೆ ಆದಾಯ ತೆರಿಗೆ, ಟಿಪ್ಸ್ ಎಂದು ಬಂದರೆ ಇಲ್ಲ. ಸಂಬಳ ಹೆಚ್ಚಿಸಿ ಎಂದು ಕೇಳುವ ಕೆಲಸಗಾರನಿಗೆ ಮಾಲೀಕ ಕೊಡುವ ಉತ್ತರ ಆಗಲೇ ತಯಾರಾಗಿದೆ.

ಕೆಲಸಗಾರರೇ ಎರಡಾದಾಗ

ಟಿಪ್ ಕ್ರೆಡಿಟ್ ತೆಗೆಯಬೇಕೆಂದು ಹೋರಾಡುವ ಒನ್ ಫೇರ್ ವೇಜ್ ಸಂಘಟನೆಯನ್ನು ನಡೆಸುವವರು ಭಾರತೀಯ ಮೂಲದ ಸರು ಜಯರಾಮನ್. ಬಾಡಿಗೆ ಕಟ್ಟಲು ಗಿರಾಕಿಯ ಪ್ರಸನ್ನತೆ ಬೇಕಾದಾಗ ಹೆಣ್ಣುಮಕ್ಕಳು ಅಸಹ್ಯ ಮಾತುಗಳನ್ನೂ ನಗುತ್ತ ನುಂಗಬೇಕಾಗುತ್ತದೆ ಎಂಬುದು ಅವರ ವಾದದ ತಿರುಳು. ಎದುರು ಪಕ್ಷದಲ್ಲಿ ರೆಸ್ಟೋರೆಂಟ್ ಸಂಘವಿದೆ: ಹೋಟೆಲಿಗೆ ಲಾಭದ ಅಂಚು ತೆಳು, ಸಂಬಳ ಏರಿದರೆ ಬೆಲೆ ಏರುತ್ತದೆ, ಗಿರಾಕಿ ಕಡಿಮೆಯಾಗುತ್ತಾರೆ, ಆಳುಗಳನ್ನು ತೆಗೆಯಬೇಕಾಗುತ್ತದೆ.

ಹೊರಗಿನವರಿಗೆ ಅರ್ಥವಾಗದ ಸಂಗತಿಯೆಂದರೆ ಬಡಿಸುವವರಲ್ಲೇ ದೊಡ್ಡದೊಂದು ಗುಂಪು ಮಾಲೀಕರ ಜೊತೆ ನಿಲ್ಲುತ್ತದೆ. ದುಬಾರಿ ಹೋಟೆಲಿನಲ್ಲಿ ಶುಕ್ರವಾರ ರಾತ್ರಿ ದುಡಿಯುವವರಿಗೆ ಟಿಪ್ಸ್‌ನಿಂದ ಸಿಗುವ ಗಳಿಕೆ ಯಾವ ಕನಿಷ್ಠ ವೇತನಕ್ಕಿಂತಲೂ ಹೆಚ್ಚು. ಹೆದ್ದಾರಿ ಪಕ್ಕದ ಅಗ್ಗದ ಊಟದ ಮನೆಯಲ್ಲಿ ಬೆಳಗಿನ ಪಾಳಿಯವರ ಕಥೆ ಬೇರೆ. ಒಂದೇ ಕಾನೂನು ಇಬ್ಬರನ್ನೂ ಒಂದೇ ಹೆಸರಿನಿಂದ ಕರೆಯುತ್ತದೆ, ಹಿತಾಸಕ್ತಿ ಮಾತ್ರ ತದ್ವಿರುದ್ಧ.

ಮತಪೆಟ್ಟಿಗೆಯಲ್ಲೂ ಇದೇ ಎಳೆದಾಟ. 2022ರಲ್ಲಿ ರಾಜಧಾನಿ ವಾಷಿಂಗ್ಟನ್ ನಗರದ ಮತದಾರರು ಟಿಪ್ ಕ್ರೆಡಿಟ್ ಕೊನೆಗಾಣಿಸಲು ಭಾರೀ ಬಹುಮತದಿಂದ ಒಪ್ಪಿದರು. ಬಳಿಕ ಹೋಟೆಲುಗಳು ಬಿಲ್ಲಿಗೆ ಬಗೆಬಗೆಯ ಶುಲ್ಕ ಸೇರಿಸತೊಡಗಿದವು, ಜನ ರೇಗಿದರು. 2025ರಲ್ಲಿ ನಗರದ ಕೌನ್ಸಿಲ್ ಆ ನಿರ್ಧಾರವನ್ನು ತಗ್ಗಿಸಿತು. 2024ರಲ್ಲಿ ಮ್ಯಾಸಚೂಸೆಟ್ಸ್ ಮತದಾರರು ಇಂಥದ್ದೇ ಪ್ರಸ್ತಾವವನ್ನು ನೇರವಾಗಿ ತಳ್ಳಿಹಾಕಿದರು.

ಕಾನೂನು ಬರಲೆಂದು ಕಾದು ಕೂರದೆ ತಾವೇ ಮಾಡಿ ನೋಡಿದವರೂ ಇದ್ದಾರೆ. ನ್ಯೂಯಾರ್ಕಿನ ಹೆಸರಾಂತ ಹೋಟೆಲ್ ಉದ್ಯಮಿ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ಹೋಟೆಲುಗಳಲ್ಲಿ ಟಿಪ್ಸ್ ನಿಲ್ಲಿಸಿದರು. ಬೆಲೆ ಏರಿಸಿ, ಅಡುಗೆಮನೆಯವರಿಗೂ ಸೇರಿ ಸಂಬಳ ಹಂಚುವುದು ಯೋಜನೆ. ಪಕ್ಕದ ಹೋಟೆಲಿನ ಮೆನುವಿನಲ್ಲಿ ಅರೆಬೆಲೆಯೇ ಅಚ್ಚಾಗಿರುತ್ತಿತ್ತು, ಇವರದು ದುಬಾರಿಯಾಗಿ ಕಂಡಿತು. ಹೆಚ್ಚು ಟಿಪ್ಸ್ ಗಳಿಸಬಲ್ಲ ಅನುಭವಿಗಳು ಬೇರೆ ಕಡೆ ಹೋದರು. 2020ರ ಜುಲೈನಲ್ಲಿ ಅವರು ಟಿಪ್ಸ್‌ಗೆ ಮರಳಿದರು. ಎಲ್ಲರೂ ಒಟ್ಟಿಗೆ ಬಿಡದ ಹೊರತು ಒಬ್ಬನೇ ಬಿಟ್ಟರೆ ಮುಳುಗುತ್ತಾನೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಹೊಸದಾಗಿ ಹೋದ ಕನ್ನಡಿಗರಿಗೆ

ಓದಲು, ದುಡಿಯಲು, ಮಕ್ಕಳ ಮನೆಗೆ ಬಾಣಂತನಕ್ಕೆ ಹೋದವರು ಕೇಳುವ ಪ್ರಶ್ನೆ ಸರಳ: ಎಷ್ಟು ಕೊಡಬೇಕು? ಬಡಿಸಿಕೊಂಡು ಉಂಡಲ್ಲಿ 18ರಿಂದ 20 ಶೇಕಡಾ, ತೆರಿಗೆ ಸೇರುವ ಮುನ್ನಿನ ಮೊತ್ತದ ಮೇಲೆ ಲೆಕ್ಕ ಹಾಕಿದರೆ ಯಾರೂ ಆಕ್ಷೇಪಿಸರು. ನಾವೇ ಬಡಿಸಿಕೊಳ್ಳುವ ಬಫೆಯಲ್ಲಿ ಹತ್ತರ ಸುತ್ತ ನಡೆಯುತ್ತದೆ. ಟ್ಯಾಕ್ಸಿ, ಕ್ಷೌರಕ್ಕೂ ಉಂಟು. ನಮ್ಮ ದರ್ಶಿನಿಯಂತೆ ನಿಂತು ಕೊಂಡು ಹೋಗುವ ಕಡೆ ಪರದೆ ಏನೇ ಕೇಳಲಿ, ಕೊಡದಿದ್ದರೆ ತಪ್ಪಿಲ್ಲ. ಕೊಡುವ ಮುನ್ನ ಬಿಲ್ ಓದಬೇಕು, ಸೇವಾ ಶುಲ್ಕ ಆಗಲೇ ಸೇರಿದ್ದರೆ ಮತ್ತೆ ಕೊಡುವವರು ಎರಡು ಸಲ ಕೊಟ್ಟಂತೆ.

ವಿಚಿತ್ರವೆಂದರೆ ರೂಢಿ ಕಾನೂನನ್ನು ಹಿಂಬಾಲಿಸುವುದಿಲ್ಲ. ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನಲ್ಲಿ 2025ರ ಕನಿಷ್ಠ ವೇತನ ಗಂಟೆಗೆ 20.76 ಡಾಲರ್, ಟಿಪ್ಸ್ ಅದರ ಮೇಲೆ. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ 2.13. ಎರಡೂ ಊರುಗಳಲ್ಲಿ ಪರದೆ ಕೇಳುವುದು ಅದೇ ಇಪ್ಪತ್ತು. ಸೇವೆ ಇಷ್ಟವಾಗಲಿಲ್ಲವೆಂದು ಡಲ್ಲಾಸ್‌ನಲ್ಲಿ ಗೆರೆ ಖಾಲಿ ಬಿಟ್ಟವರು ಅಸಮಾಧಾನ ಸೂಚಿಸಿದಂತಾಗಲಿಲ್ಲ, ಒಬ್ಬರ ಒಂದು ಗಂಟೆಯ ಕೂಲಿ ಹಿಡಿದಂತಾಯಿತು. ವ್ಯವಸ್ಥೆಯ ಬಗ್ಗೆ ಸಿಟ್ಟಿದ್ದರೆ ಅದನ್ನು ತೀರಿಸಿಕೊಳ್ಳುವ ಜಾಗ ಆ ಗೆರೆಯಲ್ಲ.

ಮುಂಗಡ ಟಿಪ್ಸ್: ಒಂದು ಪ್ರಶ್ನೆ, ಎರಡು ಉತ್ತರ

ಈ ರೂಢಿ ಆ್ಯಪ್‌ಗಳ ಬೆನ್ನೇರಿ ಇಲ್ಲಿಗೂ ಇಣುಕಿದೆ. ಗಾಡಿ ಬೇಗ ಬರಬೇಕಾದರೆ ಮೊದಲೇ ಟಿಪ್ಸ್ ಸೇರಿಸಿ ಎಂದು ಉಬರ್ ಕೇಳತೊಡಗಿದಾಗ, 2025ರ ಮೇನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿತು. ಧಾರವಾಡದ ಸಂಸದರೂ ಗ್ರಾಹಕ ವ್ಯವಹಾರಗಳ ಸಚಿವರೂ ಆದ ಪ್ರಲ್ಹಾದ ಜೋಶಿ, ಟಿಪ್ಸ್ ಎಂಬುದು ಸೇವೆಯ ನಂತರ ಮೆಚ್ಚುಗೆಯಿಂದ ಕೊಡುವಂಥದ್ದು, ಮೊದಲೇ ಒತ್ತಾಯಿಸುವುದು ಅನೈತಿಕ ಎಂದರು. ಹೋಟೆಲಿನ ಸೇವಾ ಶುಲ್ಕ ಕಡ್ಡಾಯ ಮಾಡುವಂತಿಲ್ಲವೆಂದು ದೆಹಲಿ ಹೈಕೋರ್ಟ್ ಆ ವರ್ಷದ ಮಾರ್ಚ್‌ನಲ್ಲೇ ಹೇಳಿತ್ತು.

ನ್ಯೂಯಾರ್ಕ್ ನಗರ ತಲುಪಿದ ತೀರ್ಮಾನ ಇದರ ತಲೆಕೆಳಗು. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಊಟ ತಲುಪಿಸುವವರಿಗೆ ಗಂಟೆಗೆ 17.96 ಡಾಲರ್ ಕನಿಷ್ಠ ಗಳಿಕೆ ಜಾರಿಯಾಯಿತು. ಕೂಡಲೇ ಪ್ರಮುಖ ಆ್ಯಪ್‌ಗಳು ಟಿಪ್ಸ್ ಕೇಳುವ ಪರದೆಯನ್ನು ಊಟ ತಲುಪಿದ ನಂತರಕ್ಕೆ ಸರಿಸಿದವು, ಟಿಪ್ಸ್ ಕುಸಿಯಿತು. ಅದಕ್ಕೆ ನಗರದ ಕೌನ್ಸಿಲ್ 2025ರಲ್ಲಿ ಕಾನೂನು ಮಾಡಿ, ಆರ್ಡರ್ ಮಾಡುವಾಗಲೇ ಟಿಪ್ಸ್ ಕೇಳಬೇಕೆಂದು ಆ್ಯಪ್‌ಗಳಿಗೆ ಕಟ್ಟುಪಾಡು ಹಾಕಿತು. ಇಲ್ಲಿ ಮೊದಲೇ ಕೇಳುವುದು ಗ್ರಾಹಕನಿಗೆ ಮಾಡುವ ಅನ್ಯಾಯ, ಅಲ್ಲಿ ಕೇಳದಿರುವುದು ಕೆಲಸಗಾರನಿಗೆ ಮಾಡುವ ಅನ್ಯಾಯ. ಒಂದು ಕಡೆ ಅದು ಬಕ್ಷೀಸು, ಇನ್ನೊಂದು ಕಡೆ ಸಂಬಳ.

2028ರ ಗಡುವು

ಟಿಪ್ಸ್ ವಿನಾಯಿತಿ 2028ರ ಡಿಸೆಂಬರ್ ಕೊನೆಗೆ ಮುಗಿಯುತ್ತದೆ, ಅದಕ್ಕೆ ಎರಡು ತಿಂಗಳ ಮೊದಲು ಅಧ್ಯಕ್ಷೀಯ ಚುನಾವಣೆ. ನಾಲ್ಕು ವರ್ಷ ಅನುಭವಿಸಿದ ರಿಯಾಯಿತಿ ತೆಗೆಯುತ್ತೇವೆಂದು ಮತ ಕೇಳುವ ಅಭ್ಯರ್ಥಿ ಎರಡೂ ಪಕ್ಷಗಳಲ್ಲಿ ಸಿಗಲಾರ, ಆದ್ದರಿಂದ ಅದು ಮುಂದುವರಿಯುವ ಸಾಧ್ಯತೆಯೇ ಹೆಚ್ಚು. ಮುಂದುವರಿದರೆ ಕಸುಬುಗಳ ಪಟ್ಟಿ ಉದ್ದವಾಗುತ್ತದೆ, ಪಟ್ಟಿಯಲ್ಲಿರುವ ಕಸುಬುಗಳಲ್ಲಿ ಪರದೆಗಳು ಹೆಚ್ಚುತ್ತವೆ. ಟಿಪ್ಸ್‌ಗೆ ಬೇಸತ್ತ ಗಿರಾಕಿ ಕೈ ಬಿಗಿಹಿಡಿದರೆ ಪೆಟ್ಟು ಬೀಳುವುದು 2.13ರ ದರದವರಿಗೆ. 1991ರ ಆ ದರವನ್ನು ಹೊಸ ಕಾನೂನು ಮುಟ್ಟಿಯೇ ಇಲ್ಲ.